ಜಪಾನೀ ಭಾಷೆಯಲ್ಲಿ ಅಮೆರಿಕಕ್ಕೆ ‘ಅಕ್ಕಿಯ ದೇಶ’ ಎಂಬ ಹೆಸರು ಬಂದದ್ದು ಹೇಗೆ?

ಲಿಪಿಜಿಜ್ಞಾಸು (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾನು ಜಪಾನೀ ಭಾಷೆಯನ್ನು ಕಲಿಯುತ್ತಿದ್ದು, ಈಗಷ್ಟೇ ಪತ್ರಿಕೆಗಳ ತಲೆಬರಹಗಳನ್ನು ಓದಲು ಆರಂಭಿಸಿದ್ದೇನೆ. ಮಾತಿನಲ್ಲಿ ಎಲ್ಲರೂ ‘ಅಮೆರಿಕಾ’ ಎಂದೇ ಕರೆಯುವ ದೇಶವನ್ನು ಪತ್ರಿಕೆಗಳು ‘ಬೇಕೊಕು’ ಎಂದು ಬರೆಯುತ್ತವೆ. ಈ ಪದದಲ್ಲಿರುವುದು ಎರಡು ಕಾಂಜಿ ಅಕ್ಷರಗಳು, ಅಂದರೆ ಚೀನೀ ಲಿಪಿಯಿಂದ ಬಂದ ಅಕ್ಷರಗಳು. ಎರಡನೆಯದಾದ ‘ಕೊಕು’ ಎಂದರೆ ದೇಶ, ಅದರಲ್ಲಿ ಗೊಂದಲವಿಲ್ಲ. ಮೊದಲನೆಯದಾದ ‘ಬೇ’ ಮಾತ್ರ ಅಕ್ಕಿಗೆ ಬಳಸುವ ಅಕ್ಷರ. ಕೂಡಿಸುವ ಚಿಹ್ನೆಯ ನಾಲ್ಕು ಮೂಲೆಗಳಿಗೂ ಒಂದೊಂದು ಓರೆಗೆರೆ ಎಳೆದಂತೆ ಕಾಣುವ, ಆರು ಗೆರೆಗಳ ಸರಳ ಅಕ್ಷರವದು. ಅಕ್ಕಿಯ ಬೆಲೆ ಏರಿದ ಸುದ್ದಿಯಲ್ಲಿಯೂ ಅಮೆರಿಕದ ಅಧ್ಯಕ್ಷರ ಸುದ್ದಿಯಲ್ಲಿಯೂ ಅದೇ ಅಕ್ಷರ ಕಾಣಿಸಿಕೊಳ್ಳುತ್ತದೆ.

ಅಕ್ಕಿಯನ್ನೇ ಪ್ರಧಾನ ಆಹಾರವಾಗಿ ಉಳ್ಳ ಜಪಾನ್, ಗೋಧಿ ಮತ್ತು ಜೋಳಕ್ಕೆ ಹೆಸರಾದ ದೂರದ ದೇಶವೊಂದನ್ನು ‘ಅಕ್ಕಿಯ ದೇಶ’ ಎಂದು ಕರೆದದ್ದು ಏಕೆ? ಎರಡನೆಯ ಮಹಾಯುದ್ಧದ ಬಳಿಕ ಅಮೆರಿಕದಿಂದ ಜಪಾನಿಗೆ ಆಹಾರಧಾನ್ಯದ ನೆರವು ಬಂದ ಕಾರಣ ಈ ಹೆಸರು ಹುಟ್ಟಿತು ಎಂಬ ವಿವರಣೆಯನ್ನು ಓದಿದ್ದೇನೆ. ಅದು ನಿಜವೇ? ಚೀನಾದವರು ಇದೇ ದೇಶವನ್ನು ‘ಸುಂದರ ದೇಶ’ ಎಂಬರ್ಥ ಬರುವ ಅಕ್ಷರದಿಂದ ಬರೆಯುತ್ತಾರೆ ಎಂಬುದೂ ನನ್ನ ಕುತೂಹಲವನ್ನು ಹೆಚ್ಚಿಸಿದೆ. ಒಂದೇ ಲಿಪಿಯನ್ನು ಹಂಚಿಕೊಂಡ ಎರಡು ಭಾಷೆಗಳು ಒಂದೇ ದೇಶಕ್ಕೆ ಇಷ್ಟು ಬೇರೆಯಾದ ಹೆಸರುಗಳನ್ನು ಇಟ್ಟದ್ದು ಹೇಗೆ ಎಂಬುದನ್ನು ಬಲ್ಲವರು ದಯವಿಟ್ಟು ವಿವರಿಸಬೇಕು.

ಪೂರ್ವಾಕ್ಷರ (ಉತ್ತರ):

ನೀವು ಓದಿದ ಯುದ್ಧಾನಂತರದ ವಿವರಣೆ ಸರಿಯಲ್ಲ. ಈ ಅಕ್ಷರವು ಅಮೆರಿಕದ ಹೆಸರಿಗೆ ಅಂಟಿಕೊಂಡದ್ದು ಆ ಯುದ್ಧಕ್ಕಿಂತ ಸುಮಾರು ನೂರು ವರ್ಷ ಮೊದಲೇ, ಮತ್ತು ಅದಕ್ಕೂ ಅಕ್ಕಿಗೂ ಯಾವ ಸಂಬಂಧವೂ ಇಲ್ಲ.

ಜಪಾನೀ ಬರವಣಿಗೆಯಲ್ಲಿ ‘ಅತೇಜಿ’ ಎಂಬ ಪದ್ಧತಿಯೊಂದಿದೆ. ಪರಭಾಷೆಯ ಪದವನ್ನು ಬರೆಯಬೇಕಾದಾಗ, ಅದರ ಒಂದೊಂದು ಉಚ್ಚಾರಕ್ಕೂ ಹೊಂದುವ ಕಾಂಜಿ ಅಕ್ಷರವನ್ನು ಆಯ್ದು, ಆ ಅಕ್ಷರದ ಅರ್ಥವನ್ನು ಬದಿಗಿಟ್ಟು, ಧ್ವನಿಯನ್ನು ಮಾತ್ರ ಬಳಸಿಕೊಳ್ಳುವ ಕ್ರಮವದು. ಹಾಗೆ ‘ಅಮೆರಿಕಾ’ ಎಂಬುದನ್ನು ‘ಅ–ಮೆ–ರಿ–ಕಾ’ ಎಂದು ಒಡೆದು ನಾಲ್ಕು ಅಕ್ಷರಗಳಲ್ಲಿ ಬರೆದರು. ‘ಮೆ’ ಧ್ವನಿಗೆ ಒದಗಿದ್ದು ಅಕ್ಕಿಯ ಅಕ್ಷರ. ಈ ಅಕ್ಷರಕ್ಕೆ ಜಪಾನೀ ಭಾಷೆಯಲ್ಲಿ ಹಲವು ಓದುಗಳಿವೆ: ದೇಶೀ ಪದವಾಗಿ ಓದಿದರೆ ‘ಕೋಮೆ’, ಚೀನಾದಿಂದ ಬೇರೆ ಬೇರೆ ಕಾಲಗಳಲ್ಲಿ ಬಂದ ಉಚ್ಚಾರಗಳನ್ನು ಅನುಸರಿಸಿದರೆ ‘ಮಾಯ್’ ಮತ್ತು ‘ಬೇ’, ಹೀಗೆ ಧ್ವನಿಗಾಗಿ ಎರವಲು ಪಡೆದಾಗ ‘ಮೆ’.

ನಾಲ್ಕು ಅಕ್ಷರಗಳ ಹೆಸರನ್ನು ಪ್ರತಿ ಸಲವೂ ಪೂರ್ತಿಯಾಗಿ ಬರೆಯುವುದು ಪ್ರಯಾಸದ ಕೆಲಸವಾದ್ದರಿಂದ ಒಂದೇ ಅಕ್ಷರವನ್ನು ಉಳಿಸಿಕೊಂಡು ಅದಕ್ಕೆ ‘ಕೊಕು’ ಸೇರಿಸುವ ರೂಢಿ ಬೆಳೆಯಿತು. ಸಾಮಾನ್ಯವಾಗಿ ಉಳಿಯುವುದು ಮೊದಲ ಅಕ್ಷರ. ಆದರೆ ಇಲ್ಲಿ ಮೊದಲನೆಯದಾದ ‘ಅ’ ಅದಾಗಲೇ ಏಷ್ಯಾ ಖಂಡದ ಗುರುತಾಗಿ ಬಳಕೆಯಲ್ಲಿತ್ತು. ಪೂರ್ವ ಏಷ್ಯಾವನ್ನು ಆ ಅಕ್ಷರದಿಂದಲೇ ‘ತೋಅ’ ಎನ್ನುತ್ತಿದ್ದರು. ಆದ್ದರಿಂದ ಎರಡನೆಯ ಅಕ್ಷರಕ್ಕೆ ಆ ಸ್ಥಾನ ಸಿಕ್ಕಿತು ಎಂಬುದು ಪಠ್ಯಪುಸ್ತಕಗಳಲ್ಲಿ ಸಾಮಾನ್ಯವಾಗಿ ಸಿಗುವ ವಿವರಣೆ.

ಇದು ತಪ್ಪಲ್ಲದಿದ್ದರೂ ಪೂರ್ತಿಯೂ ಅಲ್ಲ ಎಂಬುದು ನನ್ನ ಅಭಿಪ್ರಾಯ. 1853ರಲ್ಲಿ ಅಮೆರಿಕದ ನೌಕಾಧಿಕಾರಿ ಮ್ಯಾಥ್ಯೂ ಪೆರಿ ನಾಲ್ಕು ಹಡಗುಗಳೊಡನೆ ಉರಾಗಾ ಬಳಿ ಲಂಗರು ಹಾಕಿ, ಮರುವರ್ಷ ಮತ್ತೆ ಬಂದು, 1854ರಲ್ಲಿ ಜಪಾನಿನೊಡನೆ ಸ್ನೇಹ ಒಪ್ಪಂದ ಮಾಡಿಕೊಂಡನಷ್ಟೆ. ಆ ಒಪ್ಪಂದದ ಜಪಾನೀ ಶೀರ್ಷಿಕೆಯಲ್ಲಿ ದೇಶದ ಹೆಸರು ‘ಅಮೆರಿಕಾ’ ಎಂದಲ್ಲ, ‘ಮೆರಿಕೆನ್’ ಎಂದಿದೆ. ಅದನ್ನು ಬರೆದಿರುವುದು ಮೂರು ಅಕ್ಷರಗಳಲ್ಲಿ, ಅವುಗಳ ಪೈಕಿ ಮೊದಲನೆಯದೇ ಅಕ್ಕಿಯ ಅಕ್ಷರ. ಇಂಗ್ಲಿಷ್ ಮಾತನಾಡುವವರು ‘ಅಮೆರಿಕನ್’ ಎನ್ನುವಾಗ ಒತ್ತು ಎರಡನೆಯ ಉಚ್ಚಾರದ ಮೇಲೆ ಬಿದ್ದು, ಆರಂಭದ ‘ಅ’ ಕೇಳಿಸಿಯೂ ಕೇಳಿಸದಂತಿರುತ್ತದೆ. ಕಿವಿಗೆ ಬಿದ್ದಂತೆ ಬರೆದವರಿಗೆ ಅದು ‘ಮೆರಿಕೆನ್’ ಆಯಿತು. ಈ ರೂಪವು ಜಪಾನಿನಲ್ಲಿ ಇನ್ನೂ ಸತ್ತಿಲ್ಲ. ಗೋಧಿಹಿಟ್ಟಿಗೆ ‘ಮೆರಿಕೆನ್‌ಕೊ’, ಅಂದರೆ ಅಮೆರಿಕದ ಹಿಟ್ಟು, ಎನ್ನುವವರು ಇಂದಿಗೂ ಇದ್ದಾರೆ; ಕೋಬೆ ನಗರದ ಬಂದರಿನ ಬಳಿ ‘ಮೆರಿಕೆನ್ ಪಾರ್ಕ್’ ಇದೆ. ‘ಅ’ ಇಲ್ಲದ ಈ ರೂಪವನ್ನು ಗಣನೆಗೆ ತೆಗೆದುಕೊಂಡರೆ, ಅಕ್ಕಿಯ ಅಕ್ಷರವು ಮೊದಲ ಅಕ್ಷರವೆಂಬ ಕಾರಣಕ್ಕೇ ಸಹಜವಾಗಿ ಉಳಿದುಕೊಂಡಿರಲೂಬಹುದು. ಎರಡು ಬರಹರೂಪಗಳಿಗೂ ಸಮಾನವಾಗಿದ್ದ ಅಕ್ಷರವೇ ಗೆದ್ದಿತು ಎಂದು ಹೇಳುವುದು ಹೆಚ್ಚು ಉಚಿತ.

ಓದುವವರ ಮನಸ್ಸಿನಲ್ಲಿ ಅಕ್ಕಿಯ ಅರ್ಥ ಏಳುವುದೇ ಇಲ್ಲ ಎಂಬುದಕ್ಕೆ ಇದೇ ಅಕ್ಷರದ ಇನ್ನೊಂದು ಬಳಕೆಯನ್ನು ನೋಡಬಹುದು. ಅಳತೆಯ ‘ಮೀಟರ್’ ಜಪಾನೀ ಭಾಷೆಯಲ್ಲಿ ‘ಮೇತೊರು’. ಅದರ ‘ಮೆ’ ಧ್ವನಿಗೂ ಅಕ್ಕಿಯ ಅಕ್ಷರವನ್ನೇ ಬಳಸಿದರು. ಮನೆಯ ವಿಸ್ತೀರ್ಣವನ್ನು ಚದರ ಮೀಟರಿನಲ್ಲಿ ಹೇಳುವಾಗ ಇಂದಿಗೂ ‘ಹೇಬೇ’ ಎನ್ನುತ್ತಾರೆ. ಅಕ್ಷರಶಃ ನೋಡಿದರೆ ಅದು ‘ಸಮತಟ್ಟಾದ ಅಕ್ಕಿ’! ಬಾಡಿಗೆ ಮನೆಯ ಜಾಹೀರಾತಿನಲ್ಲಿ ಇದನ್ನು ಓದುವ ಯಾರಿಗೂ ಅನ್ನದ ನೆನಪಾಗುವುದಿಲ್ಲ. ಅಮೆರಿಕದಲ್ಲಿ ಬೆಳೆದ ಅಕ್ಕಿಯ ಬಗ್ಗೆ ಬರೆಯಬೇಕಾದಾಗಲಂತೂ ‘ಬೇಕೊಕುಸಾನ್‌ಮಾಯ್’ ಎಂಬ ನಾಲ್ಕು ಅಕ್ಷರಗಳ ಪದದಲ್ಲಿ ಮೊದಲ ಅಕ್ಷರವೂ ಕೊನೆಯ ಅಕ್ಷರವೂ ಒಂದೇ ಆಗಿರುತ್ತದೆ. ಮೊದಲನೆಯದು ದೇಶ, ಕೊನೆಯದು ಧಾನ್ಯ. ಓದುವವರು ಒಂದು ಕ್ಷಣವೂ ತಡವರಿಸದೆ ಮುಂದೆ ಹೋಗುತ್ತಾರೆ.

ದೂರತೀರ (ಉತ್ತರ):

ಪೂರ್ವಾಕ್ಷರ ಅವರ ವಿವರಣೆಗೆ ಚೀನಾದ ಕಡೆಯ ಸಂಗತಿಯನ್ನು ಸೇರಿಸಬಯಸುತ್ತೇನೆ, ಜೊತೆಗೆ ಒಂದು ಭಿನ್ನಾಭಿಪ್ರಾಯವನ್ನೂ.

ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಚೀನಾದಲ್ಲಿ ಅಮೆರಿಕಕ್ಕೆ ಒಂದೇ ಬರಹರೂಪ ಇರಲಿಲ್ಲ. ವ್ಯಾಪಾರಕ್ಕೆ ತೆರೆದಿದ್ದ ಕ್ಯಾಂಟನ್ ಬಂದರಿನ ಜನರು ಹಡಗುಗಳ ಮೇಲೆ ಹಾರಾಡುತ್ತಿದ್ದ ಬಾವುಟವನ್ನು ನೋಡಿ ‘ಹೂವಿನ ಬಾವುಟದ ದೇಶ’ ಎಂದೂ ಕರೆದಿದ್ದರು. ಅಮೆರಿಕದ ಸಿಟಿಬ್ಯಾಂಕಿನ ಚೀನೀ ಹೆಸರಿನಲ್ಲಿ ಇಂದಿಗೂ ಉಳಿದಿರುವುದು ಆ ‘ಹೂವಿನ ಬಾವುಟ’ವೇ. ಧ್ವನಿಯನ್ನು ಅನುಸರಿಸಿ ಬರೆದವರು ‘ಮಿ’ ಅಥವಾ ‘ಮೇಯ್’ ಎಂದು ಓದಬಹುದಾದ ಹಲವು ಅಕ್ಷರಗಳನ್ನು ಬಳಸುತ್ತಿದ್ದರು. ಅವುಗಳಲ್ಲಿ ಅಕ್ಕಿಯ ಅಕ್ಷರವೂ ಇತ್ತು, ಸೌಂದರ್ಯದ ಅಕ್ಷರವೂ ಇತ್ತು. 1844ರಲ್ಲಿ ಚೀನಾ ಮತ್ತು ಅಮೆರಿಕದ ನಡುವೆ ಆದ ವಾಂಗ್‌ಶಿಯಾ ಒಪ್ಪಂದದಲ್ಲಿ ಸೌಂದರ್ಯದ ಅಕ್ಷರ ಕಾಣಿಸಿಕೊಂಡಿತು, ಕ್ರಮೇಣ ಚೀನಾದಲ್ಲಿ ಅದೇ ನೆಲೆನಿಂತು ‘ಮೇಯ್‌ಗುವೊ’ ಆಯಿತು. ಕೊರಿಯಾದ ‘ಮಿಗುಕ್’, ವಿಯೆಟ್ನಾಮಿನ ‘ಮೀ’ ಕೂಡ ಆ ಸೌಂದರ್ಯದ ಅಕ್ಷರದಿಂದಲೇ ಬಂದವು.

ಪೆರಿ ಜಪಾನಿಗೆ ಬಂದಾಗ ಮಾತುಕತೆ ನಡೆದದ್ದು ನೇರವಾಗಿ ಇಂಗ್ಲಿಷ್ ಮತ್ತು ಜಪಾನೀ ಭಾಷೆಗಳ ನಡುವೆ ಅಲ್ಲ. ಜಪಾನೀ ದುಭಾಷಿಗಳು ಕಲಿತಿದ್ದದ್ದು ಡಚ್ ಭಾಷೆ. ಎರಡೂ ಕಡೆಯವರು ಬರಹದಲ್ಲಿ ಅರ್ಥಮಾಡಿಕೊಳ್ಳಬಹುದಾದದ್ದು ಪ್ರಾಚೀನ ಚೀನೀ. ಆದ್ದರಿಂದ ಪತ್ರಗಳು ಡಚ್ ಮತ್ತು ಚೀನೀ ಭಾಷೆಗಳ ಮೂಲಕ ಸಾಗಿದವು. ಪೆರಿಯ ತಂಡದಲ್ಲಿ ಚೀನೀ ಬಲ್ಲ ದುಭಾಷಿಯಾಗಿ ಸ್ಯಾಮ್ಯುಯೆಲ್ ವೆಲ್ಸ್ ವಿಲಿಯಮ್ಸ್ ಇದ್ದರು, 1854ರ ಯಾನದಲ್ಲಿ ಲುವೊ ಸೆನ್ ಎಂಬ ಕ್ಯಾಂಟನ್ ಪ್ರಾಂತದ ವಿದ್ವಾಂಸನೂ ಬರಹಗಾರನಾಗಿ ಜೊತೆಗಿದ್ದನು. ಹಾಗಾಗಿ ಅಕ್ಕಿಯ ಅಕ್ಷರವನ್ನು ಜಪಾನಿನವರೇ ಕುಳಿತು ಯೋಚಿಸಿ ಆಯ್ದರೆಂದು ಭಾವಿಸಬೇಕಾಗಿಲ್ಲ. ಚೀನಾದ ಕರಾವಳಿಯಲ್ಲಿ ಚಾಲ್ತಿಯಲ್ಲಿದ್ದ ಹಲವು ರೂಪಗಳಲ್ಲಿ ಒಂದು ಜಪಾನಿನಲ್ಲಿ ಬೇರೂರಿತು, ಇನ್ನೊಂದು ಚೀನಾದಲ್ಲಿಯೇ ಉಳಿಯಿತು.

ಈಗ ಭಿನ್ನಾಭಿಪ್ರಾಯಕ್ಕೆ ಬರುತ್ತೇನೆ. ಅಕ್ಷರದ ಅರ್ಥವನ್ನು ಸಂಪೂರ್ಣವಾಗಿ ಬದಿಗಿಡಲಾಗುತ್ತದೆ ಎಂಬ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಆಯ್ಕೆಯ ಹೊತ್ತಿಗೆ ಅರ್ಥ ಮುಖ್ಯವಾಗಿರದಿದ್ದರೂ, ಆ ಹೆಸರನ್ನು ಹೊತ್ತ ದೇಶದವರು ಅದನ್ನು ಓದಿದಾಗ ಅರ್ಥವು ಎದ್ದು ನಿಲ್ಲುತ್ತದೆ. ಇದಕ್ಕೆ ರಷ್ಯಾದ ಹೆಸರು ಒಳ್ಳೆಯ ನಿದರ್ಶನ. 1855ರಲ್ಲಿ ಶಿಮೊದಾದಲ್ಲಿ ಸಹಿಯಾದ ಜಪಾನ್–ರಷ್ಯಾ ಒಪ್ಪಂದದಲ್ಲಿ ‘ರೋ’ ಧ್ವನಿಗೆ ಬಳಸಿದ್ದ ಅಕ್ಷರಕ್ಕೆ ‘ಮಂದಬುದ್ಧಿ’ ಎಂಬ ಅರ್ಥವಿದೆ. ಕನ್‌ಫ್ಯೂಶಿಯಸ್ ಹುಟ್ಟಿದ ಪ್ರಾಚೀನ ಸಂಸ್ಥಾನದ ಹೆಸರೂ ಅದೇ ಅಕ್ಷರವಾದ್ದರಿಂದ ಬರೆದವರಿಗೆ ಅವಹೇಳನದ ಉದ್ದೇಶ ಇದ್ದಿರಲಾರದು. ಆದರೂ ರಷ್ಯಾದ ಕಡೆಯಿಂದ ಆಕ್ಷೇಪ ಬಂದು, ಮೇಯ್‌ಜಿ ಕಾಲದಲ್ಲಿ (1868–1912) ಆ ಅಕ್ಷರವನ್ನು ಕೈಬಿಟ್ಟು, ಅದೇ ‘ರೋ’ ಧ್ವನಿಯ, ‘ಇಬ್ಬನಿ’ ಎಂಬರ್ಥದ ಅಕ್ಷರವನ್ನು ತಂದರು. 1904–05ರ ಯುದ್ಧಕ್ಕೆ ಜಪಾನೀ ಭಾಷೆಯಲ್ಲಿ ಇರುವ ‘ನಿಚಿರೊ’ ಯುದ್ಧ ಎಂಬ ಹೆಸರಿನಲ್ಲಿ ಕಾಣುವುದು ಸೂರ್ಯ ಮತ್ತು ಇಬ್ಬನಿಯ ಅಕ್ಷರಗಳು. ಸೂರ್ಯನು ಏರಿದಾಗ ಇಬ್ಬನಿ ಆರುತ್ತದೆ ಎಂದು ಇದರಲ್ಲಿ ಶಕುನ ಓದಿದವರೂ ಇದ್ದಾರೆ. ಅಕ್ಷರವನ್ನು ಆಯ್ದವರ ಮನಸ್ಸಿನಲ್ಲಿ ಅದು ಇತ್ತೆಂದು ನಾನು ವಾದಿಸುವುದಿಲ್ಲ. ಓದುಗರು ಅರ್ಥವನ್ನು ಹುಡುಕದೆ ಬಿಡುವುದಿಲ್ಲ ಎಂಬುದಷ್ಟೇ ನನ್ನ ಮಾತು.

ಧ್ವನಿ ಮಾತ್ರ ಮುಖ್ಯ ಎಂದರೂ ಎರಡು ದೇಶಗಳ ಅಕ್ಷರಗಳನ್ನು ಪಕ್ಕಪಕ್ಕದಲ್ಲಿಟ್ಟಾಗ ಸ್ವಾರಸ್ಯ ತಾನಾಗಿ ಹುಟ್ಟುತ್ತದೆ. ಜರ್ಮನಿಗೆ ಚೀನಾದಲ್ಲಿ ‘ಸದ್ಗುಣ’ದ ಅಕ್ಷರ, ಜಪಾನಿನಲ್ಲಿ ‘ಒಂಟಿ’ ಎಂಬರ್ಥದ ಅಕ್ಷರ. ಫ್ರಾನ್ಸಿಗೆ ಚೀನಾದಲ್ಲಿ ‘ಕಾನೂನು’ ಎಂಬರ್ಥದ ಅಕ್ಷರ. ಬೌದ್ಧ ಗ್ರಂಥಗಳ ಚೀನೀ ಅನುವಾದಗಳಲ್ಲಿ ‘ಧರ್ಮ’ಕ್ಕೆ ಬಳಕೆಯಾದದ್ದೂ ಅದೇ. ಜಪಾನಿನಲ್ಲಿ ಫ್ರಾನ್ಸಿಗೆ ಇರುವುದು ಸಾಕ್ಷಾತ್ ‘ಬುದ್ಧ’ನ ಅಕ್ಷರ. ವಿಶ್ವವಿದ್ಯಾಲಯದ ಫಲಕದಲ್ಲಿ ‘ಫುತ್ಸುಬುನ್’ ಎಂದಿದ್ದರೆ ಫ್ರೆಂಚ್ ಸಾಹಿತ್ಯ, ಗ್ರಂಥಾಲಯದ ಕಪಾಟಿನ ಮೇಲೆ ‘ಬುತ್ತೆನ್’ ಎಂದಿದ್ದರೆ ಬೌದ್ಧ ಗ್ರಂಥಗಳು. ಎರಡರಲ್ಲಿಯೂ ಮೊದಲು ಬರುವುದು ಆ ಒಂದೇ ಅಕ್ಷರ.

ಮಾತಿನಜಾಡು (ಉತ್ತರ):

ಮೇಲಿನ ಇಬ್ಬರೂ ಬರಹದ ಕಡೆಯಿಂದ ಬಂದಿದ್ದಾರೆ. ಹೆಸರುಗಳ ಮೂಲವನ್ನು ತಿಳಿಯಬೇಕಾದರೆ ಕಿವಿಯ ಕಡೆಯಿಂದಲೂ ನೋಡಬೇಕು ಎಂಬುದು ನನ್ನ ವಿನಂತಿ. ಕಾಂಜಿ ಅಕ್ಷರ ಬಂದದ್ದು ನಂತರ, ಅದಕ್ಕೂ ಮೊದಲು ಯಾರದೋ ಬಾಯಿಂದ ಹೆಸರು ಕೇಳಿಸಿತ್ತು. ಯುರೋಪಿನ ದೇಶಗಳ ಜಪಾನೀ ಹೆಸರುಗಳನ್ನು ಇಂಗ್ಲಿಷಿನಿಂದ ವಿವರಿಸಲು ಹೊರಟರೆ ದಾರಿ ತಪ್ಪುತ್ತದೆ, ಏಕೆಂದರೆ ಜಪಾನಿಗೆ ಮೊದಲು ಬಂದ ಯುರೋಪಿಯನ್ನರು ಇಂಗ್ಲಿಷರಲ್ಲ.

1543ರಲ್ಲಿ ತಾನೆಗಾಶಿಮಾ ದ್ವೀಪಕ್ಕೆ ಪೋರ್ಚುಗೀಸರು ಬಂದಿಳಿದರು. ಸುಮಾರು ನೂರು ವರ್ಷ ಅವರ ವ್ಯಾಪಾರವೂ ಮತಪ್ರಚಾರವೂ ನಡೆದವು. ಬ್ರಿಟನ್ನಿಗೆ ಇಂದಿಗೂ ಇರುವ ‘ಇಗಿರಿಸು’ ಎಂಬ ಹೆಸರು ಪೋರ್ಚುಗೀಸರ ‘ಇಂಗ್ಲೆಸ್’ನಿಂದ ಬಂದದ್ದು. ಗ್ರೀಸಿನ ‘ಗಿರಿಶಾ’, ತುರ್ಕಿಯ ‘ತೊರುಕೊ’, ನೆದರ್ಲೆಂಡ್ಸಿನ ‘ಒರಾಂದಾ’ ಕೂಡ ಅದೇ ಬಾಯಿಯಿಂದ ಬಂದವು. ‘ಒರಾಂದಾ’ದ ವಿಶೇಷವೆಂದರೆ, ಡಚ್ಚರು ತಮ್ಮ ದೇಶವನ್ನು ತಾವು ಏನೆಂದು ಕರೆದುಕೊಂಡರೂ ಜಪಾನಿನಲ್ಲಿ ಗಟ್ಟಿಯಾಗಿ ನಿಂತದ್ದು ಅವರ ಪ್ರತಿಸ್ಪರ್ಧಿಗಳಾದ ಪೋರ್ಚುಗೀಸರು ಹೇಳಿಕೊಟ್ಟ ‘ಒಲಾಂದಾ’ ಎಂಬ ರೂಪ. 1639ರಲ್ಲಿ ಪೋರ್ಚುಗೀಸರು ಹೊರದೂಡಲ್ಪಟ್ಟು, 1641ರಿಂದ ಡಚ್ಚರು ನಾಗಸಾಕಿಯ ದೇಜಿಮಾ ಎಂಬ ಪುಟ್ಟ ಕೃತಕ ದ್ವೀಪಕ್ಕೆ ಸೀಮಿತರಾಗಿ ವ್ಯಾಪಾರ ಮುಂದುವರಿಸಿದ ಮೇಲೂ ಆ ಹೆಸರು ಬದಲಾಗಲಿಲ್ಲ. ಮುಂದೆ ಎರಡು ಶತಮಾನಗಳ ಕಾಲ ಪಾಶ್ಚಾತ್ಯ ವೈದ್ಯ, ಖಗೋಳ, ಅಂಗರಚನಾಶಾಸ್ತ್ರಗಳು ಜಪಾನಿಗೆ ಬಂದದ್ದು ಡಚ್ ಪುಸ್ತಕಗಳ ಮೂಲಕ. ಆ ವಿದ್ಯೆಗೆ ‘ರಾಂಗಾಕು’ ಎಂದು ಹೆಸರು. ಅದರ ‘ರಾನ್’ ‘ಒರಾಂದಾ’ದ ಅತೇಜಿಯಿಂದ ಉಳಿಸಿಕೊಂಡ ಅಕ್ಷರ. ಅದರ ಅರ್ಥ ಆರ್ಕಿಡ್ ಹೂವು.

ಡಚ್ಚರ ಬಾಯಿಂದ ಬಂದ ಹೆಸರುಗಳೂ ಇವೆ. ಜರ್ಮನಿಯ ‘ದೋಯ್ತ್ಸು’ ಡಚ್ಚಿನ ‘ದೌಟ್ಸ್’ನಿಂದ ಬಂತು, ಬೆಲ್ಜಿಯಮ್ಮಿನ ‘ಬೆರುಗೀ’ ಡಚ್ ರೂಪದಿಂದ ಬಂತು. ಒಂದು ಕಾಲದಲ್ಲಿ ಬ್ರಿಟನ್ನಿಗೂ ಡಚ್ ಮೂಲದ ‘ಎಗೆರೆಸು’ ಎಂಬ ಇನ್ನೊಂದು ರೂಪ ಚಾಲ್ತಿಯಲ್ಲಿತ್ತು. ಪೋರ್ಚುಗೀಸ್ ರೂಪವೇ ಕೊನೆಗೆ ಉಳಿಯಿತು. ಹೀಗೆ ಹೆಸರುಗಳನ್ನು ನೋಡಿದರೆ ಜಪಾನ್ ಯಾರಿಂದ ಯಾರ ಪರಿಚಯ ಪಡೆಯಿತು ಎಂಬುದು ತಿಳಿದುಬರುತ್ತದೆ. ಈ ಹಿನ್ನೆಲೆಯಲ್ಲಿ ‘ಮೆರಿಕೆನ್’ ಎಂಬ ರೂಪವನ್ನು ಮತ್ತೆ ನೋಡಿ: ಅದು ಪೋರ್ಚುಗೀಸರೂ ಡಚ್ಚರೂ ಹೇಳಿಕೊಟ್ಟದ್ದಲ್ಲ, ಇಂಗ್ಲಿಷ್ ಉಚ್ಚಾರವನ್ನು ಕಿವಿಯಾರೆ ಕೇಳಿ ಬರೆದದ್ದು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ‘ಇಗಿರಿಸು’ ಮೂಲದಲ್ಲಿ ‘ಇಂಗ್ಲಿಷ್’ ಎಂಬರ್ಥದ ಪದವಾದರೂ ಇಂದು ಅದು ಸೂಚಿಸುವುದು ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್ ಸೇರಿದ ಇಡೀ ರಾಷ್ಟ್ರವನ್ನು. ಇಂಗ್ಲೆಂಡ್ ಮಾತ್ರ ಎನ್ನಬೇಕಾದರೆ, ಉದಾಹರಣೆಗೆ ಫುಟ್‌ಬಾಲ್ ತಂಡದ ವಿಷಯದಲ್ಲಿ, ‘ಇಂಗುರಾಂದೊ’ ಎನ್ನುತ್ತಾರೆ. ಮೂಲಾರ್ಥವನ್ನು ಹಿಡಿದು ಇಂದಿನ ಅರ್ಥವನ್ನು ನಿರ್ಣಯಿಸಬಾರದು ಎಂಬುದಕ್ಕೆ ಇದೊಂದೇ ಉದಾಹರಣೆ ಸಾಕು.

ದೂರತೀರ ಅವರು ರಷ್ಯಾದ ಆಕ್ಷೇಪವನ್ನು ಪ್ರಸ್ತಾಪಿಸಿದ್ದರಿಂದ ಇತ್ತೀಚಿನ ಒಂದು ಪ್ರಸಂಗವನ್ನು ಸೇರಿಸುತ್ತೇನೆ. ಕಾಕಸಸ್ ಪ್ರದೇಶದ ಜಾರ್ಜಿಯಾವನ್ನು ಜಪಾನೀ ಭಾಷೆಯಲ್ಲಿ ಬಹುಕಾಲ ‘ಗುರುಜಿಆ’ ಎನ್ನುತ್ತಿದ್ದರು. ಅದು ರಷ್ಯನ್ ರೂಪದಿಂದ ಬಂದದ್ದು. ರಷ್ಯಾದೊಡನೆ 2008ರಲ್ಲಿ ಯುದ್ಧ ಮಾಡಿದ್ದ ಆ ದೇಶ, ತನ್ನನ್ನು ರಷ್ಯನ್ ಮೂಲದ ಹೆಸರಿನಿಂದ ಕರೆಯಬಾರದೆಂದು ಕೋರಿತು. ಜಪಾನಿನಲ್ಲಿ ವಿದೇಶಗಳ ಅಧಿಕೃತ ಹೆಸರುಗಳು ರಾಯಭಾರ ಕಚೇರಿಗಳ ಹೆಸರುಗಳನ್ನು ನಿಗದಿಪಡಿಸುವ ಕಾನೂನಿನಲ್ಲಿ ನಮೂದಾಗಿರುವುದರಿಂದ, ಸಂಸತ್ತು ಆ ಕಾನೂನಿಗೆ ತಿದ್ದುಪಡಿ ತಂದು 2015ರ ಏಪ್ರಿಲ್‌ನಲ್ಲಿ ‘ಜೋಜಿಆ’ ಎಂಬ ರೂಪವನ್ನು ಸ್ವೀಕರಿಸಿತು. ಅಮೆರಿಕದ ಜಾರ್ಜಿಯಾ ರಾಜ್ಯಕ್ಕೂ ಅದೇ ಹೆಸರಿರುವುದರಿಂದ ಸ್ವಲ್ಪ ಗೊಂದಲವಾದರೂ, ಒಂದು ದೇಶದ ಆತ್ಮಗೌರವದ ಮುಂದೆ ಅದು ದೊಡ್ಡ ಬೆಲೆಯಲ್ಲ ಎಂದೇ ನನಗೆ ಅನ್ನಿಸುತ್ತದೆ.

ಲಿಪಿಜಿಜ್ಞಾಸು (ಪ್ರಶ್ನೆ ಕೇಳಿದವರು):

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಇದನ್ನೆಲ್ಲ ಓದಿದ ಮೇಲೆ ಭಾರತದ ಹೆಸರಿನ ಬಗ್ಗೆ ಕೇಳದೆ ಇರಲಾಗುತ್ತಿಲ್ಲ. ಇಂದಿನ ಜಪಾನೀ ಭಾಷೆಯಲ್ಲಿ ‘ಇಂದೊ’ ಎಂದಿದೆ, ಹಳೆಯ ಬರಹಗಳಲ್ಲಿ ‘ತೆಂಜಿಕು’ ಎಂದು ಸಿಗುತ್ತದೆ. ಈ ಎರಡು ಹೆಸರುಗಳಲ್ಲಿಯೂ ಅಕ್ಷರಗಳನ್ನು ಧ್ವನಿಗಾಗಿಯೇ ಆಯ್ದರೇ? ‘ತೆಂಜಿಕು’ವಿನ ಮೊದಲ ಅಕ್ಷರ ಆಕಾಶ ಅಥವಾ ಸ್ವರ್ಗವನ್ನು ಸೂಚಿಸುವುದರಿಂದ, ಬುದ್ಧನ ನಾಡೆಂಬ ಗೌರವದಿಂದ ಹಾಗೆ ಕರೆದರೇನೋ ಎಂದು ಅನ್ನಿಸುತ್ತದೆ.

ಸುತ್ತೋಲೆಗಾರ (ಉತ್ತರ):

ಆ ಗೌರವ ನಿಜ, ಆದರೆ ಹೆಸರು ಹುಟ್ಟಿದ್ದು ಅದರಿಂದಲ್ಲ. ಯುರೋಪಿನ ಹೆಸರುಗಳಿಗೆ ಐನೂರು ವರ್ಷಗಳೂ ಆಗಿಲ್ಲ. ಭಾರತದ ಹೆಸರು ಜಪಾನಿಗೆ ತಲುಪಿ ಸಾವಿರ ವರ್ಷಗಳಿಗೂ ಮಿಕ್ಕಿದೆ. ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

‘ಸಿಂಧು’ ನದಿಯ ಹೆಸರು ಇರಾನೀ ಭಾಷೆಗಳಲ್ಲಿ ‘ಹಿಂದು’ ಎಂದಾಗಿ, ಅಲ್ಲಿಂದ ಮಧ್ಯ ಏಷ್ಯಾದ ದಾರಿಗಳಲ್ಲಿ ಹಲವು ರೂಪಗಳನ್ನು ಪಡೆದು ಚೀನಾವನ್ನು ಮುಟ್ಟಿತು. ಚೀನೀಯರು ಅದನ್ನು ಬೇರೆ ಬೇರೆ ಕಾಲಗಳಲ್ಲಿ ಬೇರೆ ಬೇರೆ ಅಕ್ಷರಗಳಲ್ಲಿ ಬರೆದುಕೊಂಡರು. ಅವುಗಳಲ್ಲೊಂದು ಇಂದಿನ ಚೀನೀ ಉಚ್ಚಾರದಲ್ಲಿ ‘ತಿಯೆನ್‌ಝು’. ಅದನ್ನೇ ಜಪಾನೀಯರು ‘ತೆಂಜಿಕು’ ಎಂದು ಓದಿದರು. ಮೊದಲ ಅಕ್ಷರಕ್ಕೆ ಆಕಾಶವೆಂಬ ಅರ್ಥವಿದೆ, ಎರಡನೆಯದು ಒಂದು ಬಗೆಯ ಬಿದಿರಿನ ಹೆಸರು. ‘ಆಕಾಶದ ಬಿದಿರು’ ಎಂದು ಯಾರೂ ನಮ್ಮ ದೇಶವನ್ನು ಕರೆದದ್ದಲ್ಲ. ಆ ಅಕ್ಷರಗಳಿಗೆ ಅಂದಿನ ಕಾಲದಲ್ಲಿದ್ದ ಉಚ್ಚಾರವು ‘ಹಿಂದುಕ’ದಂಥ ಪದಕ್ಕೆ ಹತ್ತಿರವಾಗಿತ್ತು. ಕಾಲಾಂತರದಲ್ಲಿ ಚೀನೀ ಉಚ್ಚಾರ ಬದಲಾದ್ದರಿಂದ ಇಂದು ನಮ್ಮ ಕಿವಿಗೆ ಆ ಸಂಬಂಧ ಗೋಚರಿಸುವುದಿಲ್ಲ. ಎರಡನೆಯ ಅಕ್ಷರವಾದ ‘ಝು’ ಎಷ್ಟರಮಟ್ಟಿಗೆ ಭಾರತದ ಗುರುತಾಗಿತ್ತೆಂದರೆ, ಚೀನಾದಲ್ಲಿ ನೆಲೆಸಿದ ಭಾರತೀಯ ಭಿಕ್ಷುಗಳೂ ಅವರ ಶಿಷ್ಯರೂ ಅದನ್ನು ಮನೆತನದ ಹೆಸರಿನಂತೆ ತಮ್ಮ ಹೆಸರಿನ ಮುಂದೆ ಇಟ್ಟುಕೊಳ್ಳುತ್ತಿದ್ದರು.

‘ಇಂದೊ’ ಎಂಬ ರೂಪದ ಹಿಂದೆ ಇನ್ನೂ ಆಪ್ತವಾದ ಸಂಗತಿಯಿದೆ. ಏಳನೆಯ ಶತಮಾನದಲ್ಲಿ ಭಾರತಕ್ಕೆ ಬಂದು, ನಾಲಂದದಲ್ಲಿ ಕಲಿತು, 645ರಲ್ಲಿ ಚೀನಾಕ್ಕೆ ಹಿಂತಿರುಗಿದ ಹ್ಯೂಯೆನ್ ತ್ಸಾಂಗ್ ತನ್ನ ಪ್ರವಾಸವೃತ್ತಾಂತದಲ್ಲಿ ಈ ದೇಶದ ಹೆಸರಿನ ಬಗ್ಗೆಯೇ ಚರ್ಚಿಸಿದ್ದಾನೆ. ಹಿಂದಿನವರು ಬಳಸಿದ ‘ತಿಯೆನ್‌ಝು’ ಮೊದಲಾದ ರೂಪಗಳನ್ನು ಹೆಸರಿಸಿ, ಸರಿಯಾದ ಉಚ್ಚಾರವನ್ನು ಅನುಸರಿಸಿ ‘ಇನ್‌ದು’ ಎಂದು ಬರೆಯಬೇಕೆಂದು ಹೇಳುತ್ತಾನೆ. ಆ ಪದಕ್ಕೆ ಚಂದ್ರ ಎಂಬ ಅರ್ಥವಿದೆಯೆಂದೂ, ಸೂರ್ಯನು ಮುಳುಗಿದ ಮೇಲೆ ಚಂದ್ರನು ಬೆಳಗುವಂತೆ ಈ ನಾಡಿನ ಮಹಾತ್ಮರು ಲೋಕಕ್ಕೆ ದಾರಿ ತೋರಿದರೆಂದೂ ವಿವರಿಸುತ್ತಾನೆ. ‘ಇಂದು’ ಎಂದರೆ ಚಂದ್ರ ಎಂಬುದು ಕನ್ನಡಿಗರಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಭಾಷಾಶಾಸ್ತ್ರದ ದೃಷ್ಟಿಯಿಂದ ಆ ಹೆಸರಿನ ಮೂಲವೂ ಸಿಂಧುವೇ ಹೊರತು ಚಂದ್ರನಲ್ಲ. ಹಾಗಿದ್ದರೂ ಸಂಸ್ಕೃತ ಬಲ್ಲ ಒಬ್ಬ ವಿದ್ವಾಂಸ, ತನಗೆ ಪ್ರಿಯವಾದ ದೇಶದ ಹೆಸರಿನಲ್ಲಿ ಬೆಳದಿಂಗಳನ್ನು ಕಂಡದ್ದು ಈ ಇಡೀ ಚರ್ಚೆಯಲ್ಲಿ ನನಗೆ ಅತ್ಯಂತ ಇಷ್ಟವಾದ ವಿಷಯ. ಅವನು ಸೂಚಿಸಿದ ಅಕ್ಷರಗಳೇ ಇಂದಿಗೂ ಚೀನೀ ಭಾಷೆಯಲ್ಲಿ ಭಾರತದ ಹೆಸರಾಗಿವೆ. ಜಪಾನಿನಲ್ಲಿ ಇಂದು ‘ಇಂದೊ’ ಎಂಬುದನ್ನು ಧ್ವನಿಯನ್ನಷ್ಟೇ ಸೂಚಿಸುವ ಕತಕಾನ ಲಿಪಿಯಲ್ಲಿ ಬರೆಯುತ್ತಾರಾದರೂ, ಭಾರತ–ಜಪಾನ್ ಸಂಬಂಧವನ್ನು ಸೂಚಿಸುವ ‘ನಿಚಿಇನ್’ ಎಂಬ ಸಮಾಸದಲ್ಲಿ ಆ ಮೊದಲ ಅಕ್ಷರ ಉಳಿದಿದೆ. ಅದರ ಸ್ವಂತ ಅರ್ಥ ಮುದ್ರೆ ಅಥವಾ ಮೊಹರು.

ಪ್ರಾಚೀನ ಜಪಾನೀಯರ ಪಾಲಿಗೆ ಲೋಕವೆಂದರೆ ಮೂರು ದೇಶಗಳು: ತಮ್ಮ ನಾಡು, ಚೀನಾ ಮತ್ತು ತೆಂಜಿಕು. ‘ಸಾಂಗೊಕು ಇಚಿ’, ಅಂದರೆ ಮೂರು ದೇಶಗಳಲ್ಲಿ ಮೊದಲನೆಯದು, ಎಂಬ ನುಡಿಗಟ್ಟಿಗೆ ‘ಜಗತ್ತಿನಲ್ಲೇ ಶ್ರೇಷ್ಠ’ ಎಂಬ ಅರ್ಥ ಬಂದದ್ದು ಹೀಗೆ. ಮದುವಣಗಿತ್ತಿಯನ್ನು ಹೊಗಳುವಾಗ ಅದನ್ನು ಬಳಸುತ್ತಿದ್ದರು. ತೆಂಜಿಕುವಿನಿಂದ ನಿಜವಾಗಿ ಬಂದವರೂ ಇದ್ದರು. 736ರಲ್ಲಿ ಜಪಾನನ್ನು ತಲುಪಿದ ಬೋಧಿಸೇನ ಎಂಬ ಭಾರತೀಯ ಭಿಕ್ಷು, 752ರಲ್ಲಿ ನಾರಾ ನಗರದ ತೋದಾಯ್‌ಜಿ ದೇವಾಲಯದ ಮಹಾಬುದ್ಧ ವಿಗ್ರಹಕ್ಕೆ ಕಣ್ಣು ತೆರೆಸುವ ವಿಧಿಯನ್ನು ನೆರವೇರಿಸಿದನು. ಅವನು ಹಿಡಿದಿದ್ದ ಕುಂಚಕ್ಕೆ ಉದ್ದನೆಯ ದಾರಗಳನ್ನು ಕಟ್ಟಿ, ನೆರೆದವರು ಅವುಗಳನ್ನು ಹಿಡಿದುಕೊಂಡು ಆ ಪುಣ್ಯದಲ್ಲಿ ಪಾಲುದಾರರಾದರು. ಆ ಕುಂಚವನ್ನು ನಾರಾದ ಶೋಸೋಯಿನ್ ಭಂಡಾರದಲ್ಲಿ ಇಂದಿಗೂ ಕಾಪಾಡಲಾಗಿದೆ.

ದೂರದಿಂದ ಸಮುದ್ರ ದಾಟಿ ಬಂದದ್ದೆಲ್ಲಕ್ಕೂ ‘ತೆಂಜಿಕು’ ಎಂಬ ವಿಶೇಷಣ ಅಂಟಿದ ಪ್ರಸಂಗಗಳೂ ಉಂಟು. ಸಾದಾ ನೇಯ್ಗೆಯ ಒಂದು ಹತ್ತಿಬಟ್ಟೆಗೆ ‘ತೆಂಜಿಕು ಮೊಮೆನ್’ ಎಂಬ ಹೆಸರು ಬಂದದ್ದು, ಅದು ಮೂಲತಃ ಭಾರತದಿಂದ ಬಂದ ಕಾರಣ ಸಹಜವೇ. ಆದರೆ ಗಿನಿಪಿಗ್ಗಿಗೆ ‘ತೆಂಜಿಕು ನೆಜುಮಿ’, ಎಂದರೆ ತೆಂಜಿಕುವಿನ ಇಲಿ, ಎಂದು ಹೆಸರು. ಆ ಪ್ರಾಣಿ ದಕ್ಷಿಣ ಅಮೆರಿಕದ್ದು.

ಪೂರ್ವಾಕ್ಷರ (ಉತ್ತರ):

ಸುತ್ತೋಲೆಗಾರ ಅವರ ಬರಹ ಮನಮುಟ್ಟಿತು. ಕಲಿಯುತ್ತಿರುವವರು ಎಂಬ ಕಾರಣಕ್ಕೆ ಲಿಪಿಜಿಜ್ಞಾಸು ಅವರಿಗೆ ಬಳಕೆಯ ಬಗ್ಗೆ ಇನ್ನೆರಡು ಮಾತುಗಳನ್ನು ತಿಳಿಸುತ್ತೇನೆ.

ಮಾತನಾಡುವಾಗ ‘ಅಮೆರಿಕಾ’ ಎನ್ನಿ; ‘ಬೇಕೊಕು’ ಎಂಬುದು ಸುದ್ದಿ, ಸರಕಾರಿ ಹೇಳಿಕೆ, ಒಪ್ಪಂದ, ವಾಣಿಜ್ಯ ವರದಿಗಳ ಪದ. ವ್ಯಕ್ತಿಯನ್ನು ಕುರಿತು ‘ಅಮೆರಿಕಾಜಿನ್’ ಎನ್ನುವುದೇ ವಾಡಿಕೆ. ಅಧಿಕೃತ ಪೂರ್ಣ ಹೆಸರು ‘ಅಮೆರಿಕಾ ಗಾಶ್ಶೂಕೊಕು’. ‘ಸಂಯುಕ್ತ ಸಂಸ್ಥಾನ’ದ ನೇರ ಅನುವಾದವಾಗಿದ್ದರೆ ‘ಶೂ’ ಎಂಬಲ್ಲಿ ರಾಜ್ಯ ಎಂಬರ್ಥದ ಅಕ್ಷರ ಇರಬೇಕಿತ್ತು. ಆದರೆ ಅಲ್ಲಿರುವುದು ಅದೇ ಉಚ್ಚಾರದ, ‘ಜನಸಮೂಹ’ ಎಂಬರ್ಥದ ಬೇರೆ ಅಕ್ಷರ. ಇದೂ ಚೀನೀ ಒಪ್ಪಂದಗಳಿಂದ ಬಂದ ಪದವೇ. ಬರೆಯುವಾಗ ಇವೆರಡನ್ನು ಅದಲುಬದಲು ಮಾಡುವುದು ಕಲಿಯುವವರಲ್ಲಿ ಸಾಮಾನ್ಯವಾದ್ದರಿಂದ ಗಮನವಿರಲಿ.

ತಲೆಬರಹಗಳಲ್ಲಿ ‘ಕೊಕು’ ಕೂಡ ಬಿದ್ದುಹೋಗಿ ‘ಬೇ’ ಒಂದೇ ನಿಲ್ಲುತ್ತದೆ. ‘ನಿಚಿಬೇ’ ಎಂದರೆ ಜಪಾನ್–ಅಮೆರಿಕ, ‘ಹೋಬೇ’ ಎಂದರೆ ಅಮೆರಿಕ ಭೇಟಿ, ‘ಬೇಗುನ್’ ಎಂದರೆ ಅಮೆರಿಕದ ಸೇನೆ. ಖಂಡದ ಅರ್ಥದಲ್ಲಿ ‘ನಾಂಬೇ’ ದಕ್ಷಿಣ ಅಮೆರಿಕ, ‘ಹೊಕುಬೇ’ ಉತ್ತರ ಅಮೆರಿಕ. ಆದರೆ ‘ಬೇಕಾ’ ಎಂಬ ಪದ ಎದುರಾದರೆ ಅದು ಅಮೆರಿಕವಲ್ಲ, ಅಕ್ಕಿಯ ಬೆಲೆ. ಹಾಗೆಯೇ ‘ಬೇಜು’ ಎಂದಿದ್ದರೆ 88ನೆಯ ವಯಸ್ಸಿನ ಸಂಭ್ರಮ, ಏಕೆಂದರೆ ಅಕ್ಕಿಯ ಅಕ್ಷರದ ಗೆರೆಗಳನ್ನು ಬಿಡಿಸಿದರೆ ‘ಎಂಟು–ಹತ್ತು–ಎಂಟು’ ಎಂಬ ಅಂಕೆಗಳು ಸಿಗುತ್ತವೆ. ರಷ್ಯಾದ ವಿಷಯದಲ್ಲಿ ಈಗಿನ ಅನೇಕ ಪತ್ರಿಕೆಗಳು ಇಬ್ಬನಿಯ ಅಕ್ಷರವನ್ನೂ ಬಿಟ್ಟು ಕತಕಾನದ ‘ರೋ’ ಬಳಸುತ್ತವೆ. ಅಮೆರಿಕ, ಬ್ರಿಟನ್, ಫ್ರಾನ್ಸ್, ಜರ್ಮನಿಗಳ ಒಂಟಿ ಅಕ್ಷರಗಳು ಮಾತ್ರ ಪ್ರತಿದಿನದ ಪತ್ರಿಕೆಯಲ್ಲಿ ಸಿಗುತ್ತವೆ. ಮೊದಲ ಹಂತದಲ್ಲಿ ಆ ನಾಲ್ಕನ್ನು ಗುರುತಿಸಲು ಕಲಿತರೆ ವಿದೇಶಾಂಗ ಪುಟದ ಬಹುಪಾಲು ತಲೆಬರಹಗಳು ಬಿಡಿಸಿಕೊಳ್ಳುತ್ತವೆ.